ಕರೆಂಟಿನ ತುಂತುಣಿ

೯ ಜನೇವರಿ ೧೯೫೬, ಬೆಟಗೇರಿ

ಅದೂ ಸಾಲದು ಅಂತ ಬ್ಯಾಟರಿಯನ್ನೂ ನಾನೇ ಹೊರಬೇಕಾಯಿತು. ಲಕ್ಕುಂಡಿಯ ಲಗ್ನದ ಮನೆಯಲ್ಲಿ ಲೌಡ್‌ಸ್ಪೀಕರಿನ ಭೋಂಗಾವನ್ನು ಬೇವಿನ ಮರಕ್ಕೆ ಏರಿಸಿ ಕಟ್ಟಿದವನು ನಾನು. ಬೆಳಗಿನಿಂದ ಗ್ರಾಮೋಫೋನಿನ ಮುಳ್ಳು ಬದಲಿಸುತ್ತ ಬಿಸಿಲಲ್ಲಿ ನಿಂತವನು ನಾನು. ಊಟಕ್ಕೆ ಕರೆಯುವ ಹೊತ್ತಿಗೆ ಮಾತ್ರ ನಾನು ಯಾರ ಕಣ್ಣಿಗೂ ಬೀಳಲಿಲ್ಲ. ಬರುವಾಗ ಮಾಲೀಕ ಸಕ್ರಪ್ಪ ಬಸ್ಸಿನೊಳಗೆ ಸೀಟಿನಲ್ಲಿ, ನಾನು ಮೇಲೆ ಸಾಮಾನಿನ ಜೊತೆ. ಗದಗಿನಲ್ಲಿ ಇಳಿದ ಕೂಡಲೇ ಅವನ ಬಾಯಿಂದ ಬಂದ ಮೊದಲ ಮಾತು ಇದು:

"ಭೋಂಗಾಕ್ಕ ಗೀರು ಬಿದ್ದೈತೇನ ನೋಡಲೇ. ನೀ ಬಿದ್ರ ಇನ್ನೊಬ್ಬ ಸಿಗತಾನ. ಭೋಂಗಾ ಮುಂಬೈಯಿಂದ ತರಬೇಕು."

ನಮ್ಮೂರು ಮುಂಡರಗಿ ಬಿಡುವಾಗ, ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನಿಗೆ ಗದಗಿನಲ್ಲಿ ಕುರ್ಚಿ ಕಾದಿರುತ್ತದೆ ಅಂದುಕೊಂಡಿದ್ದೆ. ಕುರ್ಚಿ ಸಕ್ರಪ್ಪನ ಮೈಕಿನ ಅಂಗಡಿಯಲ್ಲಿ ಇದೆ, ನಿಜ. ಅದನ್ನು ದಿನಾ ಒರೆಸುವುದು ನನ್ನ ಕೆಲಸ.

ಒಂದೇ ಒಂದು ಸುಖ. ರಿಕಾರ್ಡು ತಿರುಗಿ ನಿಂತಾಗ ನಡುವಿನ ದುಂಡನೆಯ ಕಾಗದದ ಮೇಲೆ ಹಾಡಿದವರ ಹೆಸರು ಓದುತ್ತೇನೆ. ತಿರುಗುವಾಗ ಅದು ಬರೀ ಕೆಂಪು. ನಿಂತಾಗ ಹೆಸರು. ಒಮ್ಮೆಯಾದರೂ ಅಲ್ಲಿ ಯಮನೂರಪ್ಪ ಅಂತ ಇರಬೇಕು. ಇದನ್ನು ಯಾರಿಗೂ ಹೇಳಿಲ್ಲ. ಹೇಳಿದರೆ ನಗುತ್ತಾರೆ.

೨೨ ಜನೇವರಿ

ಇವತ್ತು ನಕ್ಕರು. ನಗಲಿ.

ಅಂಗಡಿಯ ಓಣಿಯಲ್ಲೇ ಇರುವ ಯಂಕಪ್ಪ ಕಾಕಾ ಹಗಲು ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಸೀರೆ ನೇಯುತ್ತಾನೆ, ಸಂಜೆ ದಪ್ಪು ಹಿಡಿದು ಗೀಗೀ ಪದ ಹಾಡುತ್ತಾನೆ. ಅವನದು ಹರದೇಶಿ ಮೇಳ, ಗಂಡೇ ಹೆಚ್ಚೆಂದು ಹಾಡುವವರು. ಎದುರಿಗೆ ನಾಗೇಶಿಯವರು, ಹೆಣ್ಣೇ ಹೆಚ್ಚೆನ್ನುವವರು. ಒಬ್ಬರು ಸವಾಲು ಹಾಕಬೇಕು, ಇನ್ನೊಬ್ಬರು ಜವಾಬು ಕೊಡಬೇಕು. ಕಾಕಾನ ಬೆನ್ನ ಹಿಂದೆ ನಿಂತು 'ಗೀಯ ಗೀಯ' ಎನ್ನುತ್ತ ತುಂತುಣಿ ಬಾರಿಸುವವನು ನಾನು. ಒಂದು ಬುರುಡೆ, ಒಂದು ಕೋಲು, ಒಂದೇ ತಂತಿ. ಮುಂದಿನ ಸಾಲಿನ ಆಚೆ ಅದು ಯಾರಿಗೂ ಕೇಳುವುದಿಲ್ಲ.

ಹತ್ತಿಯ ಅಡತಿ ಅಂಗಡಿಯವರು ಕೆಟ್ಟ ಟೆಲಿಫೋನೊಂದನ್ನು ಎಸೆದಿದ್ದರು. ಅದರ ಮಾತಾಡುವ ಬಿಲ್ಲೆಯನ್ನು ಬಿಚ್ಚಿ ತುಂತುಣಿಯ ಬುರುಡೆಯೊಳಗೆ ಅಂಟಿಸಿದೆ. ಸಕ್ರಪ್ಪ ಸಂತೆಗೆ ಹೋದದ್ದು ನೋಡಿ ವೈರನ್ನು ಮೈಕಿನ ಪೆಟ್ಟಿಗೆಗೆ ಕೊಟ್ಟು, ತಂತಿ ಎಳೆದೆ.

ಅಂಗಡಿಯ ತಗಡು ನಡುಗಿತು. ಬೀದಿಯಲ್ಲಿ ಕಟ್ಟಿದ್ದ ಎತ್ತು ಹಗ್ಗ ಕಿತ್ತಿತು. ಬುರುಡೆಯನ್ನು ಭೋಂಗಾದ ಮುಖಕ್ಕೆ ಹಿಡಿದಾಗ ತಂತಿ ಮುಟ್ಟದೆಯೇ ಅದು ತನ್ನಷ್ಟಕ್ಕೆ ಕೂಗತೊಡಗಿತು. ಸರಿಸಿದರೆ ಕೂಗು ಇಳಿಯುತ್ತದೆ, ಹತ್ತಿರ ತಂದರೆ ಏರುತ್ತದೆ. ನನ್ನ ರೋಮ ನಿಂತವು. ಇಂಥ ಸ್ವರ ಯಾವ ರಿಕಾರ್ಡಿನಲ್ಲೂ ಕೇಳಿಲ್ಲ.

ಕಾಕಾ ಮಗ್ಗ ಬಿಟ್ಟು ಓಡಿ ಬಂದ. "ಇದೇನಲೇ ಯಮನೂರಿ, ತುಂತುಣಿಯೋ ಅಕ್ಕಿ ಗಿರಣಿಯೋ?"

"ಕಾಕಾ, ಹಿಂದಿನ ಸಾಲಿಗೂ ಕೇಳತೈತಿ ಇದು."

"ಹಿಂದಿನ ಸಾಲಿನವರಿಗೆ ಕೇಳೂದು ಬ್ಯಾಡಾಗೇ ಹಿಂದ ಕುಂತಿರತಾರಲೇ."

ಎಲ್ಲರೂ ನಕ್ಕರು. ನಾನು ಬಾಡಿಗೆಗಿರುವ ಕೋಣೆಯ ಒಡತಿ ರಮಜಾನಬಿ ಒಬ್ಬಳೇ ಕಿವಿಯಿಂದ ಸೆರಗು ತೆಗೆದು, "ಇನ್ನೊಮ್ಮಿ ಬಾರಸಪಾ" ಅಂದಳು. ಆಕೆಗೆ ಕಿವಿ ಮಂದ.

೧೮ ಫೆಬ್ರುವರಿ, ಮುಂಡರಗಿ

ನಮ್ಮೂರಲ್ಲೇ ಮಣ್ಣಿನ ಹೆಂಟೆಯಲ್ಲಿ ಹೊಡೆದರು. ಸಕ್ರಪ್ಪನ ಮೈಕು ಹೋದ ಲಗ್ನದ ಮೆರವಣಿಗೆಯಲ್ಲಿ ಬಾರಿಸುತ್ತೇನೆಂದು ನಾನೇ ಕೇಳಿಕೊಂಡು ಹೋಗಿದ್ದೆ. ಮದುಮಗನ ಕುದುರೆ ಬೆದರಿ ಅವನು ಜಾಲಿಯ ಬೇಲಿಗೆ ಬಿದ್ದ. "ದೆವ್ವ ಹೊಕ್ಕೈತಿ ಬುರಡ್ಯಾಗ" ಎಂದು ಒಬ್ಬ ಕೂಗಿದ. ಹೆಂಟೆಯ ಮೊದಲ ಏಟು ಬೆನ್ನಿಗೆ. ಎರಡನೆಯದು ತುಂತುಣಿಗೆ ತಗಲುವುದರಲ್ಲಿತ್ತು, ಅದನ್ನು ಹೊಟ್ಟೆಗೆ ಅವುಚಿಕೊಂಡು ಬಗ್ಗಿ ತಲೆ ಕೊಟ್ಟೆ.

ಅದೇ ಲಗ್ನಕ್ಕೆ ಹಾಡಲು ಬಂದಿದ್ದ ಕಾಕಾ ಬಸ್‌ಸ್ಟ್ಯಾಂಡಿನಲ್ಲಿ ತನ್ನ ಧೋತರದ ಅಂಚು ಹರಿದು ನನ್ನ ತಲೆಗೆ ಕಟ್ಟಿದ. ಬೈಯಲಿಲ್ಲ. "ನಮ್ಮ ಮ್ಯಾಳದಾಗ ಇರು. ಸಾವಕಾಶ ಬಾರಸು. ಜನಾ ಪದಾ ಕೇಳಾಕ ಬರತಾರ, ನಿನ್ನ ನೋಡಾಕ ಅಲ್ಲ" ಅಂದ.

ಅವನು ಒಳ್ಳೆಯವನು. ಆದರೆ ಕೊನೆಯ ಮಾತು ಹೆಂಟೆಗಿಂತ ಹೆಚ್ಚು ನೋಯಿಸಿತು.

೪ ಮಾರ್ಚ್

ಬೆಟಗೇರಿಯಲ್ಲಿ ಹುಚ್ಚವ್ವ ಹಾಡಿದಳು. ಲಕ್ಷ್ಮೇಶ್ವರದವಳು, ನಾಗೇಶಿ ಮೇಳದ ಹಿರಿಯಳು. ನಾನು ಮೈಕು ಹಿಡಿದುಕೊಂಡು ಹೋದರೆ, "ದೂರ ಇಡಪಾ ಅದನ್ನ, ಊರ ಕೇಳಿದ್ರ ಸಾಕು, ಜಿಲ್ಲಾ ಕೇಳೂದು ಬ್ಯಾಡ" ಎಂದಳು. ಆಕೆಯ ಒಂದೊಂದು ಜವಾಬಿಗೂ ಮುದುಕರು ತೊಡೆ ತಟ್ಟಿಕೊಂಡರು. ನಾನು ಭೋಂಗಾ ಹಿಂದೆ ನಿಂತು ಕಣ್ಣೊರೆಸಿಕೊಂಡೆ.

ಬರುವ ಹೋಳಿ ಹುಣ್ಣಿಮೆಗೆ ಶಿರಹಟ್ಟಿಯಲ್ಲಿ ಅವಳಿಗೂ ಕಾಕಾನಿಗೂ ಪಂಥ. ಕಾಕಾ ಹದಿನೈದು ದಿನದಿಂದ ಮಗ್ಗದಲ್ಲೇ ಸವಾಲು ಕಟ್ಟುತ್ತಿದ್ದಾನೆ. ಸೋತವರು ತಮ್ಮ ದಪ್ಪಿನ ತುರಾಯಿ ಬಿಚ್ಚಿ ಗೆದ್ದವರ ದಪ್ಪಿಗೆ ಕಟ್ಟಬೇಕು. ಜವಾಬು ಹೊತ್ತು ಹುಟ್ಟುವುದರೊಳಗೆ ಬರಬೇಕು, ಮತ್ತು ಒಮ್ಮೆ ಮಾತ್ರ. ಎರಡನೇ ಸಲ ಹೇಳುವ ಪದ್ಧತಿಯೇ ಇಲ್ಲ.

೨೮ ಮಾರ್ಚ್, ಶಿರಹಟ್ಟಿ

ಗೆದ್ದೆವು! ನಾನು ಗೆಲ್ಲಿಸಿದೆ.

ಊರವರು ಮೈಕು ಹೇಳಿದ್ದು ಸಕ್ರಪ್ಪನಿಗೆ, ಹಾಗಾಗಿ ಪೆಟ್ಟಿಗೆಯೂ ನನ್ನ ಕೈಯಲ್ಲಿ, ತುಂತುಣಿಯೂ ನನ್ನ ಕೈಯಲ್ಲಿ. ಕಣದ ತುಂಬ ಜನ. ಮೂಡಲ ಬೆಳ್ಳಗಾಗುವ ಹೊತ್ತಿಗೆ ಕಾಕಾ ಕೊನೆಯ ಸವಾಲು ಎಸೆದ.

ಹಾಸು ನೆಟ್ಟಗ ನಿಂತೈತಿ ಗಂಡಸಿನಂಗ,
ಹೊಕ್ಕು ಓಡ್ಯಾಡತೈತಿ ಹೆಂಗಸಿನಂಗ,
ನಿಂತಾವ ಇಲ್ದ ಓಡ್ಯಾಡಾಕಿ ಎಲ್ಲಿ ನಿಲ್ಲತಾಳ?
ಹೊತ್ತ ಹುಟ್ಟೂದ್ರೊಳಗ ಹೇಳ ನಾಗೇಶಿ!

ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು ಹಾಸು, ಲಾಳಿಯೊಡನೆ ಅಡ್ಡ ಓಡುವುದು ಹೊಕ್ಕು. ನೇಕಾರರೇ ಹೆಚ್ಚಿದ್ದ ಕಣ ಹುಚ್ಚೆದ್ದಿತು. ನಾನು ತಂತಿ ಎಳೆದೆ, ಬುರುಡೆಯನ್ನು ಭೋಂಗಾದ ಕಡೆ ತಿರುಗಿಸಿದೆ. ಆ ಕೂಗು! ಮುಂಡರಗಿಯಲ್ಲಿ ಹೆಂಟೆ ತಂದ ಕೂಗೇ ಇಲ್ಲಿ ಹುಡುಗರನ್ನು ಕುಣಿಸಿತು. ಹಲಗಿ ಬಾರಿಸುವವರೂ ಸೇರಿಕೊಂಡರು.

ಹುಚ್ಚವ್ವ ಎದ್ದಳು. ಅವಸರವಿಲ್ಲದೆ ದಪ್ಪನ್ನು ಎದೆಗೆ ತಂದಳು. ನಾನು ಮೂರು ಮಾರು ದೂರದಲ್ಲಿದ್ದೆ, ನನಗೆ ಕೇಳಿತು:

"ನಿಂತೈತಿ ಅಂತೀಯಲ್ಲೋ ಹಾಸು, ಗಂಜಿ ಉಣಿಸಿದಾಕಿ ಯಾರೋ..."

ಅಷ್ಟೇ ಕೇಳಿದ್ದು. ಬೆಟಗೇರಿಯ ಯಾವ ಮಗ್ಗದ ಮನೆಗೆ ಹೋದರೂ ಹಾಸಿನ ನೂಲಿಗೆ ಗಂಜಿ ಹಚ್ಚಿ, ತಿಕ್ಕಿ, ಬಿರುಸು ಮಾಡುವವರು ಹೆಂಗಸರು. ಗಂಜಿ ಕುಡಿಯದ ಹಾಸು ನಿಲ್ಲುವುದಿಲ್ಲ, ಜೋತು ಬಿದ್ದು ಹರಿಯುತ್ತದೆ. ಕಣದಲ್ಲಿದ್ದ ಎಲ್ಲರಿಗೂ ಅದು ಗೊತ್ತು. ಕಾಕಾನ ಮುಖ ನೋಡಿದೆ. ಅವನಿಗೂ ಕೇಳಿತ್ತು. ಅವನು ಸೋಲೊಪ್ಪಿ ಹಣೆ ಮುಟ್ಟಿಕೊಳ್ಳಲು ಕೈ ಎತ್ತುತ್ತಿದ್ದ.

ಹುಡುಗರು ಇನ್ನೂ ಕುಣಿಯುತ್ತಿದ್ದರು, "ಬಾರಸ, ಬಾರಸ" ಅನ್ನುತ್ತಿದ್ದರು. ಬಾರಿಸಿದೆ. ಪೆಟ್ಟಿಗೆಯ ಕಿವಿ ಕೊನೆಯವರೆಗೂ ತಿರುವಿದೆ.

ಹುಚ್ಚವ್ವನ ತುಟಿ ಆಡುತ್ತಿದ್ದದ್ದು ಕಂಡಿತು. ಪೂರ್ತಿ ಹಾಡಿದಳು, ಒಂದು ನುಡಿಯನ್ನೂ ಬಿಡಲಿಲ್ಲ ಅನ್ನಿಸುತ್ತದೆ. ಮುಗಿಸಿ ದಪ್ಪು ಕೆಳಗಿಟ್ಟಳು. ಹೊತ್ತು ಹುಟ್ಟಿತು. ಪಂಚರು, "ಜವಾಬು ಕೇಳಲಿಲ್ಲಬೇ, ಇನ್ನೊಮ್ಮಿ ಹೇಳು" ಅಂದರು.

"ನಾ ಹೇಳೀನಿ" ಅಂದಳು.

ಪಂಚರು ಹರದೇಶಿಗೆ ಗೆಲುವು ಕೊಟ್ಟರು. ಜನ ಕಾಕಾನನ್ನು ಎತ್ತಲಿಲ್ಲ, ನನ್ನನ್ನು ಎತ್ತಿದರು.

೩೦ ಮಾರ್ಚ್, ಬೆಟಗೇರಿ

ಕಾಕಾ ಇಂಥ ಕೆಲಸ ಮಾಡುತ್ತಾನೆಂದು ಯಾರಿಗೆ ಗೊತ್ತಿತ್ತು! ಗೆದ್ದವನು, ಹುಚ್ಚವ್ವ ಕಟ್ಟಿದ್ದ ತುರಾಯಿಯ ಜೊತೆ ತನ್ನದನ್ನೂ ಬಿಚ್ಚಿಕೊಂಡು ಲಕ್ಷ್ಮೇಶ್ವರದ ಬಸ್ಸು ಹತ್ತಿದ. ಎರಡನ್ನೂ ಆಕೆಯ ದಪ್ಪಿಗೆ ತಾನೇ ಕಟ್ಟಿ ಬಂದ. ಮೇಳಕ್ಕೆ ಮೇಳವೇ ನಗೆಗೀಡಾಯಿತು.

ಮಗ್ಗದ ಮುಂದೆ ನಿಂತು ಕೇಳಿದೆ, "ಯಾಕ ಮಾಡಿದಿ ಕಾಕಾ? ಪಂಚರು ನಮಗ ಕೊಟ್ಟಾರ."

ಲಾಳಿ ಓಡಿಸುತ್ತಲೇ ಇದ್ದ. "ಪಂಚರಿಗೆ ಕೇಳಿಲ್ಲ. ನನಗ ಕೇಳೈತಿ. ನಿನಗೂ ಕೇಳೈತಿ."

"ಜನಾ ಕುಣೀತಿದ್ರು. ನಾ ಹ್ಯಾಂಗ ನಿಲ್ಲಸಲಿ?"

"ಕೈ ಎತ್ತಿದ್ರ ನಿಲ್ಲತಿತ್ತು. ಒಂದ ತಂತಿ ಐತಿ ಅದಕ್ಕ."

ಇನ್ನು ಅವನ ಮೇಳದಲ್ಲಿ ನಾನಿಲ್ಲ. ಅವನು ಬಿಡು ಅನ್ನಲಿಲ್ಲ, ನಾನೂ ಬಿಡುತ್ತೇನೆ ಅನ್ನಲಿಲ್ಲ. ಆದರೆ ಆ ಮನೆಯಿಂದ ಹೊರಗೆ ಬರುವಾಗ ಇಬ್ಬರಿಗೂ ಗೊತ್ತಿತ್ತು. ಅಸೂಯೆ, ಬೇರೇನಲ್ಲ. ಜನ ನನ್ನನ್ನು ಎತ್ತಿದ್ದು ಅವನಿಗೆ ತಡೆಯಲಿಲ್ಲ.

೧೧ ಮೇ

ಅಸುಂಡಿ, ಮುಳಗುಂದ, ಲಕ್ಷ್ಮೇಶ್ವರ, ಮತ್ತೆ ಅಸುಂಡಿ. ಲಗ್ನವಿದ್ದಲ್ಲೆಲ್ಲ ಕರೆಂಟಿನ ತುಂತುಣಿ ಬೇಕಂತೆ. ಸಕ್ರಪ್ಪ ಅಂಗಡಿಯ ಬೋರ್ಡಿನ ಮೇಲೆ ತನ್ನ ಹೆಸರಿನ ಕೆಳಗೆ ನನ್ನದನ್ನು ಬರೆಸಿದ. ಮೇಲೆ ಬರೆಸು ಅಂದೆ. ಬರೆಸಿದ. "ಲೇ" ಅನ್ನುವುದನ್ನೂ ಬಿಟ್ಟಿದ್ದಾನೆ.

೧೨ ಜೂನ್

ಮುಂಡರಗಿ. ಅದೇ ಓಣಿ. ಈ ಸಲ ಹೂ ಎಸೆದರು. ಹೂವಿನಲ್ಲೂ ತೊಟ್ಟು ಇರುತ್ತದೆ, ತಾಗಿದರೆ ನೋಯುತ್ತದೆ.

೨೭ ಆಗಸ್ಟ್

ಬ್ಯಾಟರಿ ಹೊರಲು ಹನಮಪ್ಪ ಎಂಬಾತ ಸೇರಿದ್ದಾನೆ. ಇವತ್ತು ಉಂಡಿಲ್ಲವೆಂದು ದಾರಿಯುದ್ದಕ್ಕೂ ಮುಖ ಗಂಟು ಹಾಕಿಕೊಂಡಿದ್ದ. ಈ ಜನಕ್ಕೆ ಹೊಟ್ಟೆಯೊಂದೇ ಚಿಂತೆ, ಸಂಗೀತ ಹೇಗೆ ಉದ್ಧಾರವಾದೀತು? ಭೋಂಗಾವನ್ನು ಬಂಡೆಗೆ ತಾಗಿಸಿದ ಕೂಡ. ನನ್ನಿಂದ ಚೆನ್ನಾಗಿ ಬೈಸಿಕೊಂಡ.

೨ ನವೆಂಬರ್, ಗದಗ

ನಿನ್ನೆ ನಮ್ಮ ನಾಡು ಒಂದಾಯಿತು. ಮುಂಬೈಯವರು, ಹೈದರಾಬಾದಿನವರು, ಮೈಸೂರಿನವರು ಎಂದು ಹರಿದುಹೋಗಿದ್ದೆವು, ಈಗ ಒಂದೇ ರಾಜ್ಯ. ಗದಗಿನಲ್ಲಿ ಮನೆಮನೆಗೂ ತೋರಣ. ಭಾಷಣಗಳ ನಡುವೆ ಜನ ಏಳದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಒಬ್ಬ ವಯಸ್ಸಾದ ಹೋರಾಟಗಾರರು ಸೆರೆಮನೆಯ ಕಥೆ ಹೇಳುತ್ತಿದ್ದರು. ಹುಡುಗರು "ತುಂತುಣಿ, ತುಂತುಣಿ" ಎಂದು ಕೂಗಿದರು. ಅವರು ಮಾತು ಅರ್ಧಕ್ಕೆ ನಿಲ್ಲಿಸಿ ಕೂತರು. ನಾನು ಎದ್ದೆ.

ಇಳಿದು ಬಂದಾಗ ಹುಬ್ಬಳ್ಳಿಯ ರಿಕಾರ್ಡು ಕಂಪನಿಯ ಏಜಂಟ ಕಾದಿದ್ದ. ಕರೀ ಕೋಟು, ಬಾಯಲ್ಲಿ ಎಲೆ. "ಶಿರಹಟ್ಟ್ಯಾಗ ಹುಚ್ಚವ್ವನ ಸೋಲಿಸಿದಾವ್ರು ನೀವ ಏನ್ರಿ?"

"ಹೌದ್ರಿ."

"ಆ ಪದಾನ ಬೇಕು ನಮಗ. ರಿಕಾರ್ಡಿಗೆ ಎರಡ ಮುಖ. ಒಂದ ಕಡೆ ನಿಮ್ಮ ಸವಾಲು, ಇನ್ನೊಂದ ಕಡೆ ಆಕಿ ಜವಾಬು. ಆಕಿ ಹೆಸರು ಕೊಪ್ಪಳದ ತನಕ ನಡೀತೈತಿ. ಇಬ್ಬರೂ ಇದ್ರ ಮುಂಬೈಗೆ ಕರಕೊಂಡ ಹೋಗಿ ತಗಸೂಣು. ಒಬ್ಬರ ಇದ್ರ ಇಲ್ಲ."

ನಿದ್ದೆ ಬರುತ್ತಿಲ್ಲ. ಕೆಂಪು ಕಾಗದ, ಮೇಲೆ ನನ್ನ ಹೆಸರು.

೫ ನವೆಂಬರ್

ಕಾಕಾನನ್ನು ಸವಾಲು ಹಾಡಲು ಕರೆಯಬೇಕೆಂದು ಹೋದೆ, ಬಾಗಿಲವರೆಗೂ ಹೋದೆ. ಒಳಗೆ ಮಗ್ಗದ ಸಪ್ಪಳ ಕೇಳುತ್ತಿತ್ತು. ತಿರುಗಿ ಬಂದೆ. ನಾನೇ ಹಾಡುತ್ತೇನೆ. ಅಷ್ಟು ಸಲ ಅವನ ಹಿಂದೆ ನಿಂತು ಕೇಳಿದ್ದೇನೆ, ಪದ ನನ್ನದೇ ಆದ ಹಾಗೆ.

೮ ನವೆಂಬರ್, ಲಕ್ಷ್ಮೇಶ್ವರ

ಮುದುಕಿಗೆ ಸೊಕ್ಕು. ಇದನ್ನು ಬಿಟ್ಟು ಬೇರೆ ಮಾತು ಸಿಗುತ್ತಿಲ್ಲ.

ಹುಚ್ಚವ್ವ ಕಟ್ಟೆಯ ಮೇಲೆ ಸೇಂಗಾ ಸುಲಿಯುತ್ತ ಕೂತಿದ್ದಳು. ಗೂಟಕ್ಕೆ ನೇತುಹಾಕಿದ ದಪ್ಪಿನ ಮೇಲೆ ಎರಡು ತುರಾಯಿ. ನಾನು ನಮಸ್ಕಾರ ಮಾಡಿ, ತಂದಿದ್ದ ಸೀರೆ ಮುಂದಿಟ್ಟೆ. ನೋಡಲಿಲ್ಲ.

"ಕುಂಡ್ರಪಾ. ಗುಡುಗು ಹೊತಗೊಂಡ ಬಂದಿಲ್ಲೇನ ಇವತ್ತ?"

ರಿಕಾರ್ಡಿನ ವಿಷಯ ಹೇಳಿದೆ. ಹೆಸರು ಬರುತ್ತದೆ, ಮುಂಬೈ ನೋಡಬಹುದು, ಮೊಮ್ಮಕ್ಕಳ ಮೊಮ್ಮಕ್ಕಳೂ ಕೇಳುತ್ತಾರೆ ಅಂದೆ. ಶಿರಹಟ್ಟಿಯ ಆ ಜವಾಬನ್ನು ಇನ್ನೊಮ್ಮೆ ಹಾಡಿದರೆ ಸಾಕು ಅಂದೆ.

"ಅದನ್ನ ನಾ ಹೇಳಿ ಬಿಟ್ಟೀನಿ."

"ಅವತ್ತ ಯಾರಿಗೂ ಕೇಳಲಿಲ್ಲಬೇ ಅವ್ವಾ."

"ಯಾರಿಗೂ?" ಎಂದು ಮುಖ ಎತ್ತಿದಳು. ನಾನು ಸೇಂಗಾದ ಸಿಪ್ಪೆ ನೋಡುತ್ತ ಕೂತೆ. "ನಮ್ಮದು ಒಮ್ಮಿ ಹೇಳೂ ಮಾತು ತಮ್ಮಾ. ಮಿರಜದ ರಾಜರಿದ್ದಾಗೂ ಹಂಗ, ಮುಂಬೈ ಸರಕಾರ ಇದ್ದಾಗೂ ಹಂಗ, ಈಗ ಇದ್ಯಾವದೋ ಹೊಸಾದ್ರಾಗೂ ಹಂಗ. ಎರಡನೇ ಸರ್ತಿ ಹೇಳಿದ್ರ ಅದು ಜವಾಬಲ್ಲ, ಭಿಕ್ಷಾ."

"ಹಂಗಾದ್ರ ರಿಕಾರ್ಡ ಆಗೂದ ಇಲ್ಲಬೇ. ನನ್ನ ಬಾಳೇ ಅದರ ಮ್ಯಾಲ ಐತಿ."

ಆಕೆ ಸಿಪ್ಪೆ ಕೊಡವಿ ಹೇಳಿದಳು: "ಹೊಸಾ ಸವಾಲು ಕಟ್ಟು. ನೀನ ಕಟ್ಟು, ಯಂಕಪ್ಪಂದು ಬ್ಯಾಡ. ಮೈಕ ಇಲ್ದ ಬಂದು ಈ ಕಟ್ಟಿ ಮ್ಯಾಲ ಕುಂಡ್ರು. ಹಾಡು, ನಾ ಜವಾಬ ಹೇಳತೀನಿ, ನೀ ಕಡೀತನಕ ಕೇಳು. ಅಷ್ಟ. ಆಮ್ಯಾಲೆ ಎಲ್ಲಿಗಿ ಕರದ್ರೂ ಬರತೀನಿ."

ಅಂದರೆ ನನಗೆ ಕಟ್ಟಲು ಬರುವುದಿಲ್ಲವೆಂದು ಹಂಗಿಸಿದ್ದು. ಸೀರೆಯನ್ನು ಮಡಚಿಕೊಂಡು ಎದ್ದು ಬಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದು ಸವಾಲು ಕಟ್ಟಲು ನೋಡಿದೆ. ಮೊದಲ ಸಾಲು ಬಂತು. ಎರಡನೆಯದು ಕಾಕಾನ ಧ್ವನಿಯಲ್ಲಿ ಬಂತು. ಬಿಟ್ಟೆ.

೧೫ ನವೆಂಬರ್

ದಾರಿ ಸಿಕ್ಕಿತು. ಗದಗಿನಲ್ಲಿ ಒಡೆದುಹೋದ ನಾಟಕ ಕಂಪನಿಯ ದ್ರಾಕ್ಷಾಯಣಿ ಕೆಲಸವಿಲ್ಲದೆ ಕೂತಿದ್ದಾಳೆ. ಗಂಟಲು ದೊಡ್ಡದು, ಮುದುಕಿಯ ದನಿ ತೆಗೆಯುತ್ತಾಳೆ. ಏಜಂಟ ಹುಚ್ಚವ್ವನ ಹೆಸರು ಕೇಳಿದ್ದಾನೆ, ಮುಖ ನೋಡಿಲ್ಲ. ಜವಾಬನ್ನು ನಾನೇ ಬರೆದೆ. ಸವಾಲಿಗಿಂತ ಸುಲಭ.

ಬರೆಯುವಾಗ 'ಗಂಜಿ' ಎಂಬ ಮಾತು ತಾನಾಗಿ ಬಂದು ಕೂತಿತು. ಅದು ಇದ್ದರೆ ಮೊದಲ ಮುಖಕ್ಕೆ ಅರ್ಥವಿಲ್ಲ, ಕೇಳಿದವರೆಲ್ಲ ಹುಚ್ಚವ್ವ ಗೆದ್ದಳು ಅನ್ನುತ್ತಾರೆ. ಹೊಡೆದುಹಾಕಿದೆ.

ದ್ರಾಕ್ಷಾಯಣಿ ಓದಿ ಮೂಗು ಮುರಿದಳು. "ಹಾಸೇ ಹಿರಿದು, ಹೊಕ್ಕು ನಿನ್ನ ದಾಸಿ... ಇದೇನ್ರೀ? ಇದು ಜವಾಬಲ್ಲ, ಕಾಲ ಹಿಡಿಯೂದು."

"ನಿನಗ್ಯಾಕ ಅದು? ಹಾಡು."

"ಹಾಡತೀನ್ರಿ. ಹೊಟ್ಟಿಗಿ ಬೇಕಲ್ಲ. ಹೆಸರು ಯಾರದು ಹಾಕಸ್ತೀರಿ?"

"ಹುಚ್ಚವ್ವಂದು."

"ಆಕಿಗೆ ಗೊತ್ತಾದ್ರ?"

"ಆಕಿ ಮನ್ಯಾಗ ರಿಕಾರ್ಡ ಹಚ್ಚೂ ಪೆಟಗಿ ಐತೇನ?"

ಅವಳು ನಗಲಿಲ್ಲ. ಯೋಚಿಸಿದರೆ ಇದರಲ್ಲಿ ಮುದುಕಿಗೆ ಲಾಭವೇ. ಕಟ್ಟೆಯ ಮೇಲೆ ಸೇಂಗಾ ಸುಲಿಯುವವಳ ಹೆಸರು ಮುಂಬೈಯಲ್ಲಿ ಅಚ್ಚಾಗುತ್ತದೆ.

೨೧ ನವೆಂಬರ್

ರಮಜಾನಬಿಯ ಕೋಣೆ ಬಿಟ್ಟು ಸ್ಟೇಶನ್ನಿನ ಬಳಿ ಖೋಲಿ ಹಿಡಿದೆ. ಹೊರಡುವಾಗ ಅವಳಿಗೆ ಒಮ್ಮೆ ತುಂತುಣಿ ಕೇಳಿಸಿದೆ. "ಈಗೀಗ ನೀ ಭಾಳ ಜೋರ ಬಾರಸ್ತೀಪಾ, ನನಗೂ ಕಿವಿ ನೋಯ್ತಾವು" ಅಂದಳು. ವಯಸ್ಸಾಯಿತು ಅವಳಿಗೆ.

೨೪ ನವೆಂಬರ್

ಅಡತಿ ಅಂಗಡಿಗೆ ಏಜಂಟನ ಫೋನು ಬಂತು. ಹತ್ತಿ ಮೂಟೆಗಳ ನಡುವೆ ನಿಂತು ಕೇಳಿದೆ. ಮುಂಬೈಗೆ ತಿಕೀಟು ತಯಾರಂತೆ. ಕಾಗದದ ಮೇಲೆ ಸವಾಲಿನ ಕಡೆ 'ಕಟ್ಟಿ ಹಾಡಿದವರು: ಯಮನೂರಪ್ಪ, ಗದಗ' ಎಂದು ಬರುತ್ತದೆ. ಇನ್ನೊಮ್ಮೆ ಓದಿರೆಂದೆ. ಓದಿದ.

"ಹುಚ್ಚವ್ವ ಒಪ್ಪ್ಯಾಳಲ್ರಿ?"

"ಒಪ್ಪ್ಯಾಳ್ರಿ."

"ಛಲೋ ಆತು. ಆದ್ರ ನಮ್ಮ ಸಾಹೇಬರು ಒಬ್ಬರ ಪರವಾಗಿ ಇನ್ನೊಬ್ಬರು ಹೇಳಿದ್ದು ಕೇಳಂಗಿಲ್ರಿ. ಹಿಂದ ಒಮ್ಮಿ ತಂಟೆ ಆಗೇತಿ. ಆಕಿನ್ನ ಫೋನಿಗೆ ಕರಕೊಂಬರ್ರಿ. ಆಕಿ ಬಾಯಿಂದ ಹೂಂ ಅಂತ ಒಂದ ಮಾತು ಬಂದ್ರ ಸಾಕು, ಮುಗೀತು."

"ಆಕಿ ಲಕ್ಷ್ಮೇಶ್ವರದಾಗ ಅದಾಳ್ರಿ."

"ನಾಳಿಗಿ ಕರಸ್ರಿ. ನೀವ ಫೋನ ಮಾಡ್ರಿ, ನಾ ಕಾಯತೀನಿ."

ಸಂಜೆ ದ್ರಾಕ್ಷಾಯಣಿಯ ಮನೆಗೆ ಹೋಗಿ ವಿವರಿಸಿದೆ. ಹೆಸರು ಕೇಳಿದರೆ ಹುಚ್ಚವ್ವ ಅನ್ನಬೇಕು, ಊರು ಲಕ್ಷ್ಮೇಶ್ವರ, ಒಪ್ಪಿಗೆ ಉಂಟೇ ಅಂದರೆ ಹೂಂ. ಅಷ್ಟೇ. ಅವಳು ನಟಿ, ಹೇಳಿದ್ದನ್ನು ಒಂದೇ ಸಲಕ್ಕೆ ಹಿಡಿದಳು. ಬೆನ್ನು ಬಗ್ಗಿಸಿದಳು, ದನಿ ಒಡೆಸಿಕೊಂಡಳು. ಆಮೇಲೆ ಒಂದು ಮಾತು ಕೇಳಿದಳು.

"ಆಕಿ ಹೂಂ ಹ್ಯಾಂಗ ಅಂತಾಳ್ರಿ? ಎಳದ ಅಂತಾಳೋ, ಕಡದ ಅಂತಾಳೋ? ಒಮ್ಮಿ ಅಂದ ತೋರಸ್ರಿ, ನಾ ಹಂಗ ಅಂತೀನಿ."

ನೆನಪು ಮಾಡಿಕೊಂಡೆ. ಆಕೆ ನನಗೆ ಹೂಂ ಅಂದದ್ದೇ ಇಲ್ಲ. ಏನೋ ಒಂದು ತೋರಿಸಿಕೊಟ್ಟೆ.

ಅಡತಿಯವರಿಗೆ ಹೇಳಿದ್ದಾಗಿದೆ. ನಾಳೆ ಮುಂಜಾನೆ ಹನ್ನೊಂದು ಗಂಟೆಗೆ ಫೋನು.